ಬಾವುಟದೊಳಗೆ ಮುಖಗಳ ಜಾತ್ರೆ

ಆಗಸ್ಟ್ ಹದಿನೈದು ಹತ್ತಿರ ಬಂತೆಂದರೆ ಡಿಟಿಪಿ ಅಂಗಡಿಗಳಲ್ಲೂ ಮೊಬೈಲುಗಳಲ್ಲೂ ಒಂದೇ ಬಗೆಯ ಚಿತ್ರಗಳು ತಯಾರಾಗತೊಡಗುತ್ತವೆ. ಮೇಲಿನ ಕೇಸರಿ ಪಟ್ಟಿಯಲ್ಲಿ ಹ್ಯಾಟು ತೊಟ್ಟ ಭಗತ್ ಸಿಂಗ್, ಸೆಲ್ಯೂಟ್ ಹೊಡೆಯುವ ಸುಭಾಷ್‌ಚಂದ್ರ ಬೋಸ್. ನಡುವಿನ ಬಿಳಿಯಲ್ಲಿ ಚಕ್ರದ ಪಕ್ಕಕ್ಕೆ ಗಾಂಧೀಜಿ. ಹಸಿರಿನಲ್ಲಿ ಜೋಡೆತ್ತು, ನೇಗಿಲು, ರೈತ. ಬಲಗಡೆ ಕೆಂಪುಕೋಟೆ, ಅದರಾಚೆ ಚಿಮ್ಮುವ ರಾಕೆಟ್. ರಾಷ್ಟ್ರಧ್ವಜವನ್ನು ಹೊಸದಾಗಿ ಕಾಣಿಸಬೇಕೆಂಬ ಪ್ರಾಮಾಣಿಕ ಆಸೆ ಈ ಡಿಜಿಟಲ್ ಕೊಲಾಜ್‌ಗಳ ಹಿಂದೆ ಇದೆ. ಆದರೆ ಬಹುಪಾಲು ಚಿತ್ರಗಳಲ್ಲಿ ಧ್ವಜ ಬರೀ ಚೌಕಟ್ಟಾಗಿ ಉಳಿಯುತ್ತದೆ, ಒಳಗೆ ಮುಖಗಳ ಜಾತ್ರೆ ನೆರೆಯುತ್ತದೆ.

ಭಗತ್ ಸಿಂಗರ ಚಿತ್ರವನ್ನೇ ತುಸು ಹತ್ತಿರದಿಂದ ನೋಡಬೇಕು. ಆ ಹ್ಯಾಟಿನ ಫೋಟೊ ದೆಹಲಿಯ ಸ್ಟುಡಿಯೊ ಒಂದರಲ್ಲಿ ತೆಗೆದದ್ದು, 1929ರಲ್ಲಿ, ಕೇಂದ್ರ ಶಾಸನಸಭೆಯಲ್ಲಿ ಬಾಂಬ್ ಎಸೆಯುವುದಕ್ಕೆ ಕೆಲವೇ ದಿನ ಮುಂಚೆ. ಮುಂದೇನಾಗಲಿದೆ ಎಂಬುದು ಗೊತ್ತಿದ್ದ 21ರ ತರುಣ ಕ್ಯಾಮೆರಾವನ್ನು ನೆಟ್ಟ ನೋಟದಿಂದ ನೋಡುತ್ತಿದ್ದಾನೆ. ಕೊಲಾಜ್‌ಗೆ ಬರುವಾಗ ಹಿನ್ನೆಲೆ ಅಳಿಸಿಹೋಗುತ್ತದೆ, ಅಂಚು ಮಸುಕಾಗುತ್ತದೆ, ಮೇಲೆ ಕೇಸರಿಯ ಲೇಯರ್ ಕೂರುತ್ತದೆ. ಫೋಟೊದಲ್ಲಿದ್ದ ಕಾಲವೂ ಅಪಾಯವೂ ಅಲ್ಲಿಗೆ ಮುಗಿಯಿತು. ಬೋಸರು 1939ರಲ್ಲಿ ಕಾಂಗ್ರೆಸ್ ಅಧ್ಯಕ್ಷಗಿರಿ ಬಿಟ್ಟದ್ದು ಗಾಂಧೀಜಿಯವರ ಬಳಗದೊಂದಿಗಿನ ಭಿನ್ನಾಭಿಪ್ರಾಯದಿಂದ. ಆದರೆ ಕೊಲಾಜ್‌ನಲ್ಲಿ ಇಬ್ಬರ ಮೇಲೂ ಒಂದೇ ಹೊಂಬೆಳಕು. ಅಕ್ಕಪಕ್ಕ ಇಟ್ಟ ಎರಡು ತುಣುಕುಗಳು ಒಂದನ್ನೊಂದು ಕೆಣಕುವುದರಲ್ಲೇ ಕೊಲಾಜ್‌ನ ಕಸುವಿದೆ. ಸಾಫ್ಟ್‌ವೇರ್ ಆ ಬೆಸುಗೆಯನ್ನು ಎಷ್ಟು ನಯವಾಗಿ ಮುಚ್ಚುತ್ತದೋ ಚಿತ್ರ ಅಷ್ಟೇ ಸಪ್ಪೆಯಾಗುತ್ತದೆ.

ಡಿಜಿಟಲ್ ಕೊಲಾಜ್‌ಗಳಿಗಿಂತ ಬಹಳ ಮುಂಚೆಯೇ ಅಮೆರಿಕದ ಕಲಾವಿದ ಜಾಸ್ಪರ್ ಜಾನ್ಸ್ ಈ ಗುಟ್ಟನ್ನು ಕಂಡುಕೊಂಡಿದ್ದರು. 1954–55ರಲ್ಲಿ ಅವರು ರಚಿಸಿದ ‘ಫ್ಲ್ಯಾಗ್’ ಕೃತಿಯಲ್ಲಿ ಅಮೆರಿಕದ ಅಂದಿನ 48 ನಕ್ಷತ್ರಗಳ ಬಾವುಟವಿದೆ. ಪಟ್ಟಿಗಳನ್ನು ಮಾಡಿದ್ದು ಬಣ್ಣದ ಮೇಣ ಮತ್ತು ಪತ್ರಿಕೆಯ ಚೂರುಗಳಿಂದ. ದೂರದಿಂದ ಅದು ಧ್ವಜ, ಹತ್ತಿರ ಹೋದರೆ ಮೇಣದಡಿ ಅಚ್ಚಿನ ಸಾಲುಗಳು ಇಣುಕುತ್ತವೆ.

ಡಿಜಿಟಲ್ ಕಾಲದ ದಿಟ್ಟ ಪ್ರಯೋಗ ಬಂದದ್ದು ಪೋರ್ಚುಗಲ್‌ನಿಂದ. ‘ಗ್ರಾಂಡೆ ರಿಪೋರ್ಟಾಜೆಮ್’ ಪತ್ರಿಕೆಯ 2005ರ ಜಾಹೀರಾತು ಮಾಲೆಯಲ್ಲಿ ಬ್ರೆಜಿಲ್ ಮೂಲದ ಈಕಾರೊ ಡೋರಿಯಾ ಮತ್ತು ಸಂಗಡಿಗರು ದೇಶಗಳ ಬಾವುಟಗಳನ್ನು ಇದ್ದಂತೆಯೇ ಇಟ್ಟು, ಪಕ್ಕದಲ್ಲಿ ಬಣ್ಣಗಳ ಅರ್ಥಸೂಚಿಯನ್ನಷ್ಟೇ ಸೇರಿಸಿದರು. ಕೊಲಂಬಿಯಾದ ಅರ್ಧ ಬಾವುಟ ತುಂಬಿದ ಹಳದಿ ಎಂದರೆ ಕೊಕೇನ್ ರಫ್ತು, ಉಳಿದೆರಡು ಬಣ್ಣಗಳು ಕಾಫಿ ಮತ್ತು ಬಾಳೆಹಣ್ಣು. ಸೊಮಾಲಿಯಾದ ನೀಲಿ ಹರವು ಜನನಾಂಗ ಛೇದನಕ್ಕೆ ಒಳಗಾದ ಹೆಂಗಸರು, ನಡುವಿನ ಒಂಟಿ ಬಿಳಿ ನಕ್ಷತ್ರ ಅದರಿಂದ ಪಾರಾದವರು. ಆ ದೇಶದಲ್ಲಿ ಹೆಚ್ಚುಕಡಿಮೆ ಎಲ್ಲ ಹೆಣ್ಣುಮಕ್ಕಳೂ ಈ ಕ್ರೌರ್ಯ ಅನುಭವಿಸಿದ್ದಾರೆ, ಹಾಗಾಗಿ ಚಿತ್ರದ ಏಟು ನೇರವಾಗಿ ಎದೆಗೆ ತಾಗುತ್ತದೆ. ಆದರೆ ಇದೇ ಮಾಲೆಯ ಚೀನಾ ಬಾವುಟದಲ್ಲಿ ಕೆಂಪು ದುಡಿಯುವ 14 ವರ್ಷದ ಮಕ್ಕಳಾದರೆ ಹಳದಿ ನಕ್ಷತ್ರಗಳು ಓದುವ ಮಕ್ಕಳು. ಬಣ್ಣದ ಅಳತೆಯನ್ನು ನಂಬಿದರೆ ಶಾಲೆಗೆ ಹೋಗುವವರು ಬೆರಳೆಣಿಕೆಯಷ್ಟು ಮಂದಿ, ಅದು ನಿಜವಲ್ಲ. ಬಾವುಟದ ಅಳತೆ ಮೊದಲೇ ನಿಗದಿಯಾಗಿರುವುದರಿಂದ ಸತ್ಯವನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಬೇಕಾಯಿತು. ಸುದ್ದಿಪತ್ರಿಕೆಯ ಹೆಸರಿನಲ್ಲಿ ಬಂದ ಮಾಲೆಗೆ ಇದು ಸಣ್ಣ ಕುಂದಲ್ಲ.

ನಮ್ಮಲ್ಲಿ ಕಾನೂನಿನ ಮಾತೂ ಉಂಟು. 1971ರ ರಾಷ್ಟ್ರಗೌರವ ಅಪಮಾನ ತಡೆ ಕಾಯ್ದೆಯ ಪ್ರಕಾರ ಧ್ವಜದ ಚಿತ್ರ, ಛಾಯಾಚಿತ್ರಗಳೂ ರಾಷ್ಟ್ರಧ್ವಜವೇ. ಅದರ ಮೇಲೆ ಬರಹ ಹಾಕುವುದು ಅಗೌರವ. ಹಸಿರು ಪಟ್ಟಿಯ ಮೇಲೆ ‘ಶುಭ ಕೋರುವವರು’ ಎಂದು ಬರೆದು ಸ್ಥಳೀಯ ಮುಖಂಡರ ಫೋಟೊ ಕೂರಿಸುವವರು ಇದನ್ನು ಗಮನಿಸಬೇಕು.

ಈ ಕೊಲಾಜ್‌ಗಳಲ್ಲಿ ಕಾಣೆಯಾಗಿರುವುದು ಧ್ವಜ ತಯಾರಿಸುವವರು. ಮೈಸೂರಿನ ಕಲಾವಿದ ಎನ್.ಎಸ್. ಹರ್ಷ 2007ರ ‘ನೇಷನ್ಸ್’ ಕೃತಿಯಲ್ಲಿ 192 ಹೊಲಿಗೆ ಯಂತ್ರಗಳನ್ನು ಸಾಲಾಗಿ ಪೇರಿಸಿ, ಒಂದೊಂದರ ಸೂಜಿಯಡಿ ಒಂದೊಂದು ದೇಶದ ಬಾವುಟ ಇಟ್ಟರು. ಯಂತ್ರದಿಂದ ಯಂತ್ರಕ್ಕೆ ದಾರಗಳು ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿವೆ. ಒಂದೇ ಒಂದು ಮುಖವಿಲ್ಲ, ಆದರೂ ದುಡಿಮೆಯೆಲ್ಲ ಕಣ್ಣಮುಂದೆ ನಿಲ್ಲುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. 24 ಗೆರೆಗಳ ಚಕ್ರ ಬಟ್ಟೆಯ ಎರಡೂ ಮಗ್ಗುಲಿಗೆ ಸರಿಯಾಗಿ ಕೂರಬೇಕು. ಧ್ವಜ ಸಂಹಿತೆಗೆ 2021ರ ಡಿಸೆಂಬರ್‌ನಲ್ಲಿ ತಂದ ತಿದ್ದುಪಡಿಯಿಂದ ಪಾಲಿಯೆಸ್ಟರ್ ಧ್ವಜಕ್ಕೂ ಯಂತ್ರದ ನೇಯ್ಗೆಗೂ ಒಪ್ಪಿಗೆ ಸಿಕ್ಕಿದೆ. ಖಾದಿಯ ಗಂಟುಗಂಟಾದ ಎಳೆ, ಪಾಲಿಯೆಸ್ಟರಿನ ಹೊಳಪು, ಇವೆರಡನ್ನೂ ಸ್ಕ್ಯಾನ್ ಮಾಡಿ ಅಕ್ಕಪಕ್ಕ ಹೊಂದಿಸುವ ಕಲಾವಿದರಿಗೆ ಭಗತ್ ಸಿಂಗರ ಹ್ಯಾಟೂ ಬೇಕಾಗದು, ರಾಕೆಟ್ಟೂ ಬೇಕಾಗದು.