ವಸ್ತುಸಂಗ್ರಹಾಲಯವೂ ನಮ್ಮ ಬಸದಿಗಳೂ

ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯವನ್ನು ಸಂದರ್ಶಿಸುವ ಅಥಣಿ, ಕಾಗವಾಡ, ರಾಯಬಾಗ ಕಡೆಯ ಶ್ರಾವಕರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಪೂಜೆಗೊಂಡ ಬಿಂಬವೂ ದಾನವನ್ನು ಸಾರುವ ಶಾಸನವೂ ಪ್ರದರ್ಶನದ ವಸ್ತುಗಳಾಗುವುದು ಉಚಿತವೇ?

ಇದಕ್ಕೆ ಬೆಳಗಾವಿಯದೇ ಒಂದು ನಿದರ್ಶನವಿದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಬೀಚಣನು ಅಲ್ಲಿ ರಟ್ಟ ಜಿನಾಲಯವನ್ನು ಕಟ್ಟಿಸಿದನು. ಅದರ ಆಚಾರ್ಯರಾದ ಶುಭಚಂದ್ರ ಭಟ್ಟಾರಕರಿಗೆ 1204ರಲ್ಲಿ ದತ್ತಿಗಳನ್ನು ಒಪ್ಪಿಸಿದುದನ್ನು ಹೇಳುವ ಎರಡು ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ವಿದ್ವಾಂಸ ಬಾರ್ನೆಟ್ ಅವುಗಳ ಪಾಠವನ್ನು ಪ್ರಕಟಿಸಿದುದರಿಂದ ದಾನಿಗಳ ಹೆಸರುಗಳು ಲೋಕಕ್ಕೆ ತಿಳಿದವು. ಆದರೆ ದತ್ತಿ ಕೊಟ್ಟ ನಾಡಿನವರ ಕಣ್ಣಿಗೆ ಆ ಕಲ್ಲುಗಳು ದೂರವಾದವು.

ಸಂಗ್ರಹಾಲಯದ ಫಲಕಗಳು ಸಾಮಾನ್ಯವಾಗಿ ಕಾಲ, ಶಿಲೆ, ಶೈಲಿಗಳನ್ನು ಹೇಳಿ ನಿಲ್ಲುತ್ತವೆ. ದಾನಿಯ ಭಾವವನ್ನಾಗಲಿ ವೀತರಾಗ ಮುದ್ರೆಯ ಅರ್ಥವನ್ನಾಗಲಿ ವಿವರಿಸುವುದು ಅಪರೂಪ. ಇದು ನಿಜವಾದ ಕೊರತೆಯೇ. ಆದರೆ ಇದನ್ನು ದೂರುವ ಮೊದಲು ನಮ್ಮ ನಡೆಯನ್ನೂ ಪರೀಕ್ಷಿಸಿಕೊಳ್ಳಬೇಕು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಶಾಸನದ ಮೇಲೆ ಬಣ್ಣ ಬಳಿಯುವುದು, ಹಳೆಯ ಕಲ್ಲನ್ನು ಹಾಸುಗಲ್ಲಾಗಿಸುವುದು, ಭಗ್ನಬಿಂಬವನ್ನು ನೀರಿಗೆ ಬಿಡುವುದು ನಡೆದೇ ಇದೆ. ನಿರ್ಮಾಲ್ಯವನ್ನು ಮುಟ್ಟಲು ಅಂಜುವ ನಾವು, ಪೂರ್ವಜರು ದೇವರಿಗೆ ಅರ್ಪಿಸಿದ ಕಲ್ಲನ್ನು ಮಾತ್ರ ಮನಬಂದಂತೆ ಬಳಸುವುದು ಯಾವ ಧರ್ಮ?

ಟ್ರಸ್ಟಿನ ಧರ್ಮದರ್ಶಿಗಳು ಒಡೆಯರಲ್ಲ, ಕಾವಲುಗಾರರು. ದುರಸ್ತಿಗೆ ಕೈಹಾಕುವ ಮೊದಲು ಪ್ರತಿಯೊಂದು ಶಾಸನ, ಬಿಂಬಗಳ ಛಾಯಾಚಿತ್ರ ತೆಗೆಸಿ ದಾಖಲಿಸಲಿ. ಪುರಾತತ್ವ ಇಲಾಖೆಯ ಸಲಹೆ ಪಡೆಯಲಿ. ಭಗ್ನಶಿಲ್ಪಗಳಿಗೆ ಬಸದಿಯ ಆವರಣದಲ್ಲೇ ಒಂದು ಕೋಣೆಯನ್ನು ಮೀಸಲಿಡಲಿ. ಅಲ್ಲಿಯ ಫಲಕದಲ್ಲಿ ಕಾಲ, ಶಿಲೆಗಳ ಜೊತೆಗೆ ದಾನಿಯ ಹೆಸರೂ ದಾನದ ಉದ್ದೇಶವೂ ಇರಲಿ.