ಓಲೆಯ ದರ್ಶನ, ಓಲೆಯ ಓದು

ಬಸದಿಗಳ ಟ್ರಸ್ಟುಗಳು ಸಭೆ ಸೇರಿದಲ್ಲೆಲ್ಲ ಈಚೆಗೆ ಒಂದು ಪ್ರಸ್ತಾವ ತಪ್ಪದೆ ಬರುತ್ತದೆ: ನಮ್ಮಲ್ಲಿಯೂ ಒಂದು ಡಿಜಿಟಲ್ ವಸ್ತುಸಂಗ್ರಹಾಲಯವಾಗಬೇಕು. ಬೆರಳು ತಾಗಿದರೆ ತಿರುಗುವ ಓಲೆಗಳು, ಕಣ್ಣಿಗೆ ಕಟ್ಟಿಕೊಂಡರೆ ಗರ್ಭಗೃಹವೇ ಎದುರು ನಿಲ್ಲುವ ಉಪಕರಣ, ಗೋಡೆಯ ಮೇಲೆ ಬೆಳಕಿನ ಸಮವಸರಣ. ಯಂತ್ರದ ಬಗ್ಗೆ ನನಗೆ ದ್ವೇಷವಿಲ್ಲ. ಅಂಗಡಿಯ ಖಾತೆ ಕಂಪ್ಯೂಟರಿಗೆ ಏರಿದ ದಿನ ಎಲ್ಲರಿಗಿಂತ ಮೊದಲು ಸಂತೋಷಪಟ್ಟವನು ನಾನೇ. ಆದರೆ ಈ ಪ್ರಸ್ತಾವಗಳಲ್ಲಿ ತೋರಿಸುವ ಉತ್ಸಾಹವಿದೆ, ಓದಿಸುವ ಉತ್ಸಾಹವಿಲ್ಲ. ನನ್ನ ಆಕ್ಷೇಪಣೆ ಇಷ್ಟೇ.

ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದರೊಳಗಿನ ಪಾಠವನ್ನು ಮಾತ್ರ ಮರೆಯುತ್ತೇವೆ. ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮವೂ ವೀರಸೇನಾಚಾರ್ಯರ ಧವಲಾ ಟೀಕೆಯೂ ಅಲ್ಲಿ ಹಳೆಯ ಕನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಉಳಿದು ಬಂದವು. ಯಾತ್ರಿಕರು ಶತಮಾನಗಳ ಕಾಲ ಅವುಗಳ ದರ್ಶನ ಮಾಡಿದರು, ಕಾಣಿಕೆ ಇಟ್ಟರು, ನಮಸ್ಕರಿಸಿ ಹಿಂತಿರುಗಿದರು. ಓದುವವರು ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಪ್ರತಿಯೊಂದು ಗುಟ್ಟಾಗಿ ಹೊರಗೆ ಹೋಯಿತು. ಅದರಿಂದ ಬೇರೆ ಪ್ರತಿಗಳು ಹುಟ್ಟಿದವು. ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದಾಗ ಅವರ ಕೈಯಲ್ಲಿದ್ದುದು ಪ್ರತಿಯ ಪ್ರತಿಯೇ ಹೊರತು ಮೂಲವಲ್ಲ.

ಆ ಸಂಪುಟದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಇರಬೇಕಾಗಿತ್ತೆಂದು ಸಂಪಾದಕರಿಗೆ ತೋರಿತು. ಪ್ರತಿಗಳಲ್ಲಿ ಅದು ಇರಲಿಲ್ಲ. ಅವರು ಅದನ್ನು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸಂಜದವೆಂದರೆ ಸಂಯತ. ಮನುಷ್ಯಿಣಿಗೆ ಯಾವ ಗುಣಸ್ಥಾನಗಳು ಸಲ್ಲುತ್ತವೆ ಎಂಬ ಪ್ರಶ್ನೆ ಆ ಒಂದು ಪದದ ಮೇಲೆ ನಿಂತಿದ್ದರಿಂದ ಪಂಡಿತ ಸಮಾಜದಲ್ಲಿ ದೊಡ್ಡ ವಾದವೇ ಎದ್ದಿತು. ಕೊನೆಗೆ ಮೂಡಬಿದಿರೆಯ ಓಲೆಯನ್ನೇ ತೆರೆದು ನೋಡಿದರು. ಪದ ಅಲ್ಲಿ ಇತ್ತು. ಅದರ ಅರ್ಥವನ್ನು ಕುರಿತ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲವೆಂಬುದು ಬೇರೆ ಮಾತು. ಆದರೆ ಪದ ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಒಂದು ಓಲೆ, ಮತ್ತು ಅದನ್ನು ಓದಬಲ್ಲ ಕಣ್ಣು. ಖಾತೆಯಲ್ಲಿ ಸಂದೇಹ ಬಂದಾಗ ನಾವು ಮೂಲ ರಸೀದಿಯನ್ನು ಕೇಳುವುದಿಲ್ಲವೇ?

ಉತ್ತಮವಾದ ಛಾಯಾಚಿತ್ರ ಇಂತಹ ರಸೀದಿಯಾಗಬಲ್ಲದು. ಅದರ ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ. ಉಡುಪಿಯ ಪಲಿಮಾರು ಮಠದ ಸರ್ವಮೂಲ ಗ್ರಂಥದ ತಾಳೆಯೋಲೆಗಳನ್ನು ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ 2006ರ ಸುಮಾರಿಗೆ ಚಿತ್ರೀಕರಿಸಿದರು. ಉದ್ದವಾದ ಓಲೆಯನ್ನು ತುಂಡುತುಂಡಾಗಿ ಚಿತ್ರಿಸಿ ಗಣಕಯಂತ್ರದಲ್ಲಿ ಜೋಡಿಸಿದರು. ಕಣ್ಣಿಗೆ ಕಾಣದ ಅವಕೆಂಪು ಕಿರಣದ ನೆರವು ಪಡೆದರು. ಕಾಡಿಗೆಯ ಇಂಗಾಲ ಆ ಕಿರಣವನ್ನು ಹೀರುತ್ತದೆ, ಕಂದಿದ ಓಲೆ ಅದನ್ನು ಹಿಂದಕ್ಕೆ ಕಳುಹಿಸುತ್ತದೆ. ಆದ್ದರಿಂದ ಬರಿಗಣ್ಣಿಗೆ ಮಾಸಿ ಹೋದ ಅಕ್ಷರ ಚಿತ್ರದಲ್ಲಿ ಎದ್ದು ಬರುತ್ತದೆ. ಇದನ್ನು ಜ್ಞಾನದಾನವೆಂದು ಕರೆಯಲು ನನಗೆ ಸಂಕೋಚವಿಲ್ಲ.

ಆದರೆ ಟ್ರಸ್ಟುಗಳು ಕೊಳ್ಳುತ್ತಿರುವುದು ಇದನ್ನಲ್ಲ. ಗಾಜಿನ ಪರದೆಯ ಮೇಲೆ ಧವಲಾ ಗ್ರಂಥದ ಚಿತ್ರಿತ ಓಲೆಗಳು ಹೊಳೆಯುತ್ತವೆ, ಪಕ್ಕದಲ್ಲಿ ಸಂಗೀತ ಕೇಳುತ್ತದೆ, ನೋಡಿದವರು ಕೈಮುಗಿಯುತ್ತಾರೆ. ಚಿತ್ರವಿಲ್ಲದ, ಬರಿಯ ಅಕ್ಷರ ತುಂಬಿದ ಓಲೆಗಳು ಅಲ್ಲಿಗೆ ಬರುವುದೇ ಇಲ್ಲ. ಹಿಂದಿನ ಯಾತ್ರಿಕರ ದರ್ಶನಕ್ಕೂ ಇದಕ್ಕೂ ಏನು ವ್ಯತ್ಯಾಸ? ಅವರಾದರೂ ದೂರದಿಂದ ನಡೆದು ಬಂದಿದ್ದರು.

ನನಗೆ ಪರಿಚಯವಿರುವ ಒಂದು ಟ್ರಸ್ಟು, ಹೆಸರು ಬೇಡ, ತನ್ನ ಓಲೆಗಳನ್ನೆಲ್ಲ ಹೀಗೆ ಚಿತ್ರೀಕರಿಸಿ ಅದರ ತಟ್ಟೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿತು. ಎಂಟು ವರ್ಷಗಳ ಮೇಲೆ ತೆಗೆದರೆ ಅದು ತೆರೆಯಲಿಲ್ಲ. ಇನ್ನೊಂದು ಪ್ರತಿ ಇರಲಿಲ್ಲ. ತೆರೆದಿದ್ದರೂ ಯಾವ ಚಿತ್ರ ಯಾವ ಗ್ರಂಥದ ಎಷ್ಟನೆಯ ಓಲೆ ಎಂಬ ಪಟ್ಟಿಯನ್ನು ಯಾರೂ ಬರೆದಿರಲಿಲ್ಲ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಯಾವ ಯಂತ್ರವೂ ಇಲ್ಲದೆ ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಳೆಯೋಲೆ ಗ್ರಂಥಗಳ ಸೂಚಿ 1948ರಲ್ಲಿ ಪ್ರಕಟವಾಯಿತು. ಅದು ಇಂದಿಗೂ ತೆರೆಯುತ್ತದೆ.

2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾಯಿತು. 2025ರ ಕೇಂದ್ರ ಮುಂಗಡಪತ್ರದಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಗಾಗಿ ಜ್ಞಾನ ಭಾರತಂ ಯೋಜನೆಯನ್ನು ಘೋಷಿಸಲಾಯಿತು. ಚಿತ್ರಕಾರರು ನಮ್ಮ ಬಾಗಿಲಿಗೂ ಬರುವರು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಧರ್ಮದರ್ಶಿಗಳು ಕೇಳಬೇಕಾದುದು ಪರದೆಯ ಅಗಲವನ್ನಲ್ಲ. ಚಿತ್ರಗಳ ಒಡೆತನ ಯಾರದು, ಪ್ರತಿಗಳು ಎಷ್ಟು ಊರುಗಳಲ್ಲಿ ಇರುತ್ತವೆ, ಮೈಸೂರಿನ ಒಬ್ಬ ವಿದ್ಯಾರ್ಥಿ ಬರೆದು ಕೇಳಿದರೆ ಒಂದು ಓಲೆಯ ಚಿತ್ರ ಅವನಿಗೆ ಸಿಗುತ್ತದೆಯೇ? ಬಾಗಿಲು ಮುಚ್ಚಿದ್ದರಿಂದಲೇ ಒಂದು ಕಾಲದಲ್ಲಿ ಶಾಸ್ತ್ರ ಗುಟ್ಟಾಗಿ ಹೊರಗೆ ಹೋಗಬೇಕಾಯಿತು. ಅಚೌರ್ಯ ವ್ರತವನ್ನು ಬೋಧಿಸುವ ನಾವು ಕಳ್ಳಪ್ರತಿಗೆ ಕಾರಣರಾಗುವುದು ಲಕ್ಷಣವಲ್ಲ.

ಹಳೆಯ ಕನ್ನಡ ಲಿಪಿಯನ್ನು ಸರಾಗವಾಗಿ ಓದುವವರು ಈಗ ಕೆಲವರೇ. ಪ್ರದರ್ಶನದ ಒಂದು ಕೊಠಡಿಯ ವೆಚ್ಚದಲ್ಲಿ ಇಬ್ಬರು ತರುಣರಿಗೆ ಐದು ವರ್ಷ ವೇತನ ಕೊಟ್ಟು ಲಿಪಿಯನ್ನೂ ಪ್ರಾಕೃತವನ್ನೂ ಕಲಿಸಬಹುದೆಂದು ನಾನು ನಮ್ಮ ಸಭೆಯಲ್ಲಿ ಲೆಕ್ಕ ಹಾಕಿ ತೋರಿಸಿದೆ. ಶ್ರೀಪಂಚಮಿಯ ನೋಂಪಿ ಮುಗಿಸಿ ಮಲ್ಲಿಕಬ್ಬೆ ಮಹಾಬಂಧವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದ್ದು ಗಾಜಿನ ಪೆಟ್ಟಿಗೆಗಾಗಿ ಅಲ್ಲವೆಂದೂ ಹೇಳಿದೆ. ಸದಸ್ಯರು ಗೌರವದಿಂದ ಕೇಳಿದರು, ಪರದೆಯನ್ನೇ ಮಂಜೂರು ಮಾಡಿದರು. ನನ್ನ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ಬರೆಯಿಸಿದ್ದೇನೆ. ಬರುವ ಶ್ರುತಪಂಚಮಿಯ ಸಭೆಯಲ್ಲಿ ಲೆಕ್ಕವನ್ನು ಮತ್ತೆ ಮುಂದಿಡುವೆನು.