ಹುಲ್ಲುಗಾವಲು ಯಾರದು? (ಲಾರಾಳ ಶಾಲೆಯನ್ನು ಮತ್ತೆ ಓದಿದಾಗ)



ಕಳೆದ ಓದುಕೂಟದಲ್ಲಿ ಬಿಸಿಬೇಳೆಬಾತ್ ಖಾಲಿಯಾಗುವ ಹೊತ್ತಿಗೆ ಲಾರಾ ಇಂಗಲ್ಸ್ ವೈಲ್ಡರ್ ಬಗ್ಗೆ ಜಗಳ ಹತ್ತಿಕೊಂಡದ್ದು ಬಂದವರಿಗೆಲ್ಲ ನೆನಪಿರಬೇಕು. ಮಕ್ಕಳಿಗೆ ಓದಿಸಲೇಬೇಕು ಅಂತ ಒಂದು ಪಕ್ಷ, ಮುಟ್ಟಿಸಲೂಬಾರದು ಅಂತ ಇನ್ನೊಂದು. ನಾನು ಎರಡೂ ಕಡೆಗೆ ತಲೆಯಾಡಿಸಿ ಮನೆಗೆ ಬಂದೆ. ಆಮೇಲೆ ನಾಚಿಕೆಯಾಗಿ ಎಲ್ಲ ಪುಸ್ತಕಗಳನ್ನೂ ಲೈಬ್ರರಿಯಿಂದ ತಂದು ಮತ್ತೊಮ್ಮೆ ಓದಿದೆ. ಈ ಬರಹ ಅದರ ಫಲ. ನಾನು ವಿಮರ್ಶಕನಲ್ಲ, ಹಗಲೆಲ್ಲ ಬೇರೆಯವರ ಕೋಡಿನಲ್ಲಿ ಹುಳ ಹುಡುಕುವವನು. ಆ ಚಟ ಇಲ್ಲೂ ಕಂಡರೆ ಕ್ಷಮಿಸಿ.

ಲಾರಾ ಹುಟ್ಟಿದ್ದು 1867ರಲ್ಲಿ, ವಿಸ್ಕಾನ್ಸಿನ್‌ನ ಕಾಡಿನಂಚಿನಲ್ಲಿ. ಮೊದಲ ಪುಸ್ತಕ ಬಂದದ್ದು 1932ರಲ್ಲಿ, ಆಕೆಗೆ ಅರವತ್ತೈದಾದಾಗ! (ಬರೆಯಲು ಇನ್ನೂ ಸಮಯವಿದೆ ಅಂತ ಮುಂದಕ್ಕೆ ಹಾಕುತ್ತಿರುವ ನಮ್ಮ ಬಳಗದ ಕೆಲವರಿಗೆ ಇದು ಸಮಾಧಾನ.) 1943ರ ಹೊತ್ತಿಗೆ ಎಂಟು ಪುಸ್ತಕಗಳಾದವು. ಎಸ್. ಅನಂತನಾರಾಯಣ ಅವರಿಂದಾಗಿ ಈ ಮಾಲೆ ಕನ್ನಡಕ್ಕೂ ಬಂದಿದೆ.

ಎಲ್ಲರೂ ಮಾತಾಡುವುದು 1935ರ 'ಲಿಟಲ್ ಹೌಸ್ ಆನ್ ದ ಪ್ರೇರಿ' ಬಗ್ಗೆ. ಆದರೆ ನನ್ನ ಮಟ್ಟಿಗೆ ಈ ಮಾಲೆಯ ಜೀವ ಇರುವುದು 1943ರ 'ದೀಸ್ ಹ್ಯಾಪಿ ಗೋಲ್ಡನ್ ಇಯರ್ಸ್' ಪುಸ್ತಕದ ಮೊದಲ ಅಧ್ಯಾಯಗಳಲ್ಲಿ. ಡಕೋಟಾದ ಡಿ ಸ್ಮೆಟ್ ಊರಿನಿಂದ ಹನ್ನೆರಡು ಮೈಲಿ ದೂರ, ನಡುಚಳಿಗಾಲ. ಯಾರೋ ಬಿಟ್ಟುಹೋದ ಹಲಗೆ ಗುಡಿಸಲೇ ಶಾಲೆ, ಸಂದುಗಳಿಂದ ಹಿಮ ಒಳಗೇ ಬೀಳುತ್ತದೆ. ಮಕ್ಕಳು ಐದೇ ಜನ. ಅವರಲ್ಲಿ ಕೆಲವರು ಟೀಚರಮ್ಮನಿಗಿಂತ ಎತ್ತರ. ಸಂಬಳ ತಿಂಗಳಿಗೆ ಇಪ್ಪತ್ತು ಡಾಲರ್, ಎರಡು ತಿಂಗಳ ಕೆಲಸ. ಈ ನೌಕರಿ ಸಿಕ್ಕ ಬಗೆಯೂ ನಮಗೆ ಪರಿಚಿತವೇ: ಅದಕ್ಕೆ ಮುಂಚಿನ ಪುಸ್ತಕದಲ್ಲಿ ಆಕೆ ಊರ ಜನರೆದುರು ಅಮೆರಿಕದ ಇತಿಹಾಸವನ್ನು ಬಾಯಿಪಾಠ ಒಪ್ಪಿಸುತ್ತಾಳೆ, ಅದನ್ನು ಕೇಳಿಯೇ ಕರೆ ಬರುತ್ತದೆ. ಬಾಯಿಪಾಠವನ್ನು ಹೀಗಳೆಯುವವರು ಗಮನಿಸಬೇಕು.

ಕ್ಲಾರೆನ್ಸ್ ಎಂಬ ಹುಡುಗ ಮಾತು ಕೇಳುವುದಿಲ್ಲ. ತಾಯಿಯೂ ಹಿಂದೆ ಟೀಚರಾಗಿದ್ದವಳು, ಒಂದು ಉಪಾಯ ಹೇಳಿಕೊಡುತ್ತಾಳೆ. ಲಾರಾ ಗದರದೆ, ಅವನಿಗೆ ಪಾಠ ಹೆಚ್ಚಾಯಿತೇನೋ ಎಂಬಂತೆ ಕಡಿಮೆ ಮಾಡಿಬಿಡುತ್ತಾಳೆ. ಹುಡುಗನ ಮಾನಕ್ಕೆ ತಾಗಿ ಅವನೇ ಓದಿ ಮುಂದೆ ಬರುತ್ತಾನೆ. ಒಂದೇ ಕೋಣೆಯಲ್ಲಿ ಬೇರೆ ಬೇರೆ ವಯಸ್ಸಿನವರನ್ನು ಸಂಭಾಳಿಸುವ ಕಸುಬಿನ ಒಳಗುಟ್ಟು ಇಷ್ಟು ಸರಳವಾಗಿ ಬಂದದ್ದನ್ನು ನಾನು ಬೇರೆ ಕಡೆ ಓದಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಲೆಯಲ್ಲ, ಆಕೆ ಉಳಿದುಕೊಂಡ ಮನೆ. ಮನೆಯೊಡತಿ ಮಾತಾಡುವುದಿಲ್ಲ. ಆಡಿದರೆ ಬೈಗುಳ. ಪರದೆಯಾಚೆ ಸೋಫಾದ ಮೇಲೆ ಮಲಗಿದ ಹುಡುಗಿಗೆ ಒಂದು ರಾತ್ರಿ ಎಚ್ಚರವಾಗುತ್ತದೆ, ಆ ಹೆಂಗಸು ಕೈಯಲ್ಲಿ ಚೂರಿ ಹಿಡಿದು ಗಂಡನ ಮುಂದೆ ನಿಂತಿದ್ದಾಳೆ. ಸ್ವಂತ ಬಲದಿಂದ ಕಾಡು ಕಡಿದು ಬಾಳಿದವರ ಹಾಡು ಹಾಡುತ್ತಾ ಬಂದ ಮಾಲೆ ಇಲ್ಲಿ ಸುಮ್ಮನಾಗುತ್ತದೆ. ಆ ಬಯಲು ಕೆಲವರ ಬುದ್ಧಿಯನ್ನೇ ಕೆಡಿಸಿತು ಎಂಬುದನ್ನು ಲೇಖಕಿ ಮುಚ್ಚಿಡುವುದಿಲ್ಲ, ವಿವರಿಸಲೂ ಹೋಗುವುದಿಲ್ಲ. ಶುಕ್ರವಾರ ಶುಕ್ರವಾರ ಹಿಮಗಾಡಿ ಕಟ್ಟಿಕೊಂಡು ಬರುವ ಅಲ್ಮಾಂಜೊಗೆ, ಮನೆಗೆ ಹೋಗುವ ಆಸೆಗಷ್ಟೇ ನಿನ್ನ ಜೊತೆ ಬರುತ್ತಿದ್ದೇನೆ ಎಂದು ಮುಖಕ್ಕೇ ಹೇಳಿಬಿಡುವ ಲಾರಾ ಕೂಡ ಈ ಪ್ರಾಮಾಣಿಕತೆಯ ಭಾಗವೇ.

ನಮ್ಮ ಅಪ್ಪ ಸಾಗರದ ಕಡೆಯ ಏಕೋಪಾಧ್ಯಾಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದರು. ಒಂದರಿಂದ ನಾಲ್ಕನೇ ಕ್ಲಾಸು, ಒಂದೇ ಕೋಣೆ. ದೊಡ್ಡ ಹುಡುಗರು ಚಿಕ್ಕವರಿಗೆ ಮಗ್ಗಿ ಹೇಳಿಸುವುದು. ಮದುವೆಗೆ ಮುಂಚೆ ಆ ಊರಿನ ಒಬ್ಬರ ಮನೆಯ ಜಗುಲಿಯಲ್ಲಿ ಅವರ ವಾಸ. ಈ ಅಧ್ಯಾಯವನ್ನು ಫೋನಿನಲ್ಲಿ ಅವರಿಗೆ ಕನ್ನಡದಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೆ ವಾರಕ್ಕೊಂದ್ಸಲ ಗಾಡಿಯಾದ್ರೂ ಬರ್ತಿತ್ತಲ್ಲೋ" ಅಂದರು. ಆ ಜಗುಲಿಯ ಬಗ್ಗೆ ಅಪ್ಪ ಆಡಿದ ಮಾತು ನನಗೆ ನೆನಪಿರುವಂತೆ ಅದೊಂದೇ.

ಇನ್ನು ಹುಳಗಳ ವಿಷಯ. ಪುಸ್ತಕದ ಲಾರಾಗೆ ಪಾಠ ಹೇಳಲು ಹೊರಟಾಗ ಹದಿನೈದು, ಕಾನೂನಿನ ಪ್ರಕಾರ ಹದಿನಾರಾಗಿರಬೇಕು. ನಿಜವಾದ ಲಾರಾಗೆ 1883ರ ಡಿಸೆಂಬರ್‌ನಲ್ಲಿ ಪ್ರಮಾಣಪತ್ರ ಸಿಕ್ಕಾಗ ಹದಿನಾರು ತುಂಬಿಯೇ ಇತ್ತು. ಇದು ಕಾದಂಬರಿಕಾರ್ತಿಯ ಹಕ್ಕು ಅನ್ನೋಣ. ಇನ್ನೊಂದನ್ನು ಹಾಗೆ ಬಿಡಲಾಗದು. ಕುರುಡಿ ಅಕ್ಕ ಮೇರಿಯನ್ನು ಅಯೋವಾದ ಅಂಧರ ಕಾಲೇಜಿನಲ್ಲಿ ಓದಿಸಲು ಇಡೀ ಮನೆ, ಮುಖ್ಯವಾಗಿ ಲಾರಾ, ದುಡಿಯುತ್ತದೆ. ಮೇರಿಯ ಬೋಧನಾ ಶುಲ್ಕವನ್ನು ಕಟ್ಟಿದ್ದು ಡಕೋಟಾ ಟೆರಿಟರಿಯ ಸರ್ಕಾರ ಎಂಬ ಮಾತು ಮಾತ್ರ ಕಥೆಯೊಳಗೆ ಇಲ್ಲ. ತಾಯಿಯ ಹಸ್ತಪ್ರತಿಗಳನ್ನು ತಿದ್ದಿ ರೂಪಿಸಿದ ಮಗಳು ರೋಸ್ ವೈಲ್ಡರ್ ಲೇನ್‌ಗೆ ಸರ್ಕಾರದ ನೆರವೆಂದರೆ ಆಗದು. ತಾಯಿಯ ಈ ಪುಸ್ತಕ ಬಂದ 1943ರಲ್ಲೇ ಆಕೆಯ 'ದ ಡಿಸ್ಕವರಿ ಆಫ್ ಫ್ರೀಡಂ' ಕೂಡ ಹೊರಬಂತು. ಕ್ಯಾರೊಲೈನ್ ಫ್ರೇಸರ್ ಅವರ 2017ರ ಜೀವನಚರಿತ್ರೆ 'ಪ್ರೇರಿ ಫೈರ್ಸ್' ಓದಿದವರಿಗೆ ಈ ತಾಯಿ-ಮಗಳ ಗಂಟು ಚೆನ್ನಾಗಿ ಗೊತ್ತು. 160 ಎಕರೆ ಕೊಟ್ಟ 1862ರ ಹೋಮ್‌ಸ್ಟೆಡ್ ಕಾಯ್ದೆಯೂ ಸರ್ಕಾರದ್ದೇ ತಾನೆ? ಐದು ವರ್ಷ ಇದ್ದು ಉತ್ತರೆ ಪಟ್ಟಾ. ಗ್ರೀನ್ ಕಾರ್ಡ್ ಹಿಡಿದು ಐದು ವರ್ಷ ಎಣಿಸಿದ ನಮಗೆ ಈ ಲೆಕ್ಕ ಹೊಸದಲ್ಲ.

ಕಾನ್ಸಾಸ್‌ನಲ್ಲಿ ಅದೂ ಇರಲಿಲ್ಲ. 1869ರಲ್ಲಿ ಇಂಗಲ್ಸ್ ಕುಟುಂಬ ಮನೆ ಕಟ್ಟಲು ಹೋದದ್ದು ಓಸೇಜ್ ಜನರ ಮೀಸಲು ನೆಲಕ್ಕೆ. ನಮ್ಮ ಕಂದಾಯ ಇಲಾಖೆಯ ಭಾಷೆಯಲ್ಲಿ ಶುದ್ಧ ಬಗರ್ ಹುಕುಂ. 1935ರ ಪುಸ್ತಕವೋ ಅಲ್ಲಿ ಜನರೇ ಇರಲಿಲ್ಲ ಎನ್ನುವಂತೆ ಶುರುವಾಗುತ್ತದೆ. ಇಂಡಿಯನ್ನರು ಮಾತ್ರ ಇದ್ದರಂತೆ. ಓದುಗರೊಬ್ಬರು 1952ರಲ್ಲಿ ಆಕ್ಷೇಪಿಸಿದ ಮೇಲೆ ಮುಂದಿನ ವರ್ಷದ ಮುದ್ರಣದಲ್ಲಿ 'ಜನ' ಎಂಬುದು 'ನೆಲಸಿಗ' ಆಯಿತು. ಒಂದು ಪದ ಬದಲಿಸಿದರೆ ಹುಳ ಹೋಗುವುದಿಲ್ಲ, ಅದು ವಿನ್ಯಾಸದಲ್ಲೇ ಇದೆ.

ಇಲ್ಲಿ ಕನ್ನಡ ಒಂದು ತಮಾಷೆ ಮಾಡಿದೆ. ಪ್ರೇರಿಗೆ ನಮ್ಮಲ್ಲಿರುವ ಪದ ಹುಲ್ಲುಗಾವಲು. ಅದರೊಳಗಿರುವುದು ಕಾವಲು. ಅಮೃತಮಹಲ್ ಕಾವಲುಗಳನ್ನು ನೋಡಿದವರಿಗೆ ಗೊತ್ತು, ಕಾವಲೆಂದರೆ ಖಾಲಿ ಬಯಲಲ್ಲ, ಯಾರದೋ ಹಕ್ಕಿರುವ, ಯಾರೋ ಕಾಯುವ ಹುಲ್ಲು. ಲಾರಾ ಖಾಲಿ ಎಂದು ಬರೆದ ನೆಲಕ್ಕೆ ನಮ್ಮ ಭಾಷೆ ತನಗರಿವಿಲ್ಲದೆ ಒಡೆಯರನ್ನು ಕೊಟ್ಟುಬಿಟ್ಟಿದೆ.

ಹಾಗಾದರೆ ಮಕ್ಕಳಿಗೆ ಓದಿಸುವುದೇ? ನಮ್ಮ ಮಿನೆಸೋಟದಲ್ಲೇ 1998ರಲ್ಲಿ ಡಕೋಟ ಜನಾಂಗದ ಒಬ್ಬ ಪುಟ್ಟ ಹುಡುಗಿ ಕ್ಲಾಸಿನಲ್ಲಿ ಈ ಪುಸ್ತಕ ಕೇಳಿ ಅಳುತ್ತಾ ಮನೆಗೆ ಬಂದಿದ್ದಳು. 2018ರಲ್ಲಿ ಅಮೆರಿಕದ ಮಕ್ಕಳ ಗ್ರಂಥಪಾಲಕರ ಸಂಘ ತನ್ನ ಪ್ರಶಸ್ತಿಯಿಂದ ವೈಲ್ಡರ್ ಹೆಸರು ತೆಗೆಯಿತು. ಅದು ಸರಿ ಎಂದೇ ನನ್ನ ಎಣಿಕೆ. ಪ್ರಶಸ್ತಿಯ ಹೆಸರು ಗೌರವ, ಪುಸ್ತಕದ ಓದು ಬೇರೆ. ನನ್ನ ಮಗಳಿಗೆ ಮೊದಲು ಕೊಟ್ಟದ್ದು 1943ರ ಶಾಲೆಯ ಕಥೆ. 1935ರದ್ದನ್ನು ಪಕ್ಕದಲ್ಲಿ ಕೂತು ಓದಿದೆ. ಇಂಡಿಯನ್ ಎಂದಾಗಲೆಲ್ಲ ಅವಳು ನನ್ನ ಮುಖ ನೋಡುತ್ತಿದ್ದಳು.

ಕಳೆದ ಬೇಸಗೆಯಲ್ಲಿ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಡಿ ಸ್ಮೆಟ್‌ಗೆ ಹೋಗಿದ್ದೆವು. ಲಾರಾ ಓದಿದ, ಊರಿನ ಮೊದಲ ಶಾಲೆಯ ಕಟ್ಟಡವನ್ನು ಉಳಿಸಿಕೊಂಡಿದ್ದಾರೆ. ಅದರೊಳಗೆ ನಿಂತು ಮಗಳು ಕೇಳಿದಳು, "ಓಸೇಜ್ ಮಕ್ಕಳ ಸ್ಕೂಲ್ ಎಲ್ಲಿದೆ ಅಪ್ಪ?" ಅವರನ್ನು ಒಕ್ಲಹೋಮಾ ಕಡೆಗೆ ಕಳಿಸಿಬಿಟ್ಟರು ಎಂದೆ. ಅಲ್ಲಿಗೆ ಎಷ್ಟು ಗಂಟೆ ಡ್ರೈವ್ ಎಂದು ಕೇಳಿ, ಉತ್ತರಕ್ಕೂ ಕಾಯದೆ ನನ್ನ ಫೋನ್ ಕಿತ್ತುಕೊಂಡು ನೋಡತೊಡಗಿದಳು.